ನೀಲಿ ಶಾಲು ನುಂಗಿದ ಕೋಳಿ

ಮಾರ್ಚ್ ೧೬, ಭಾನುವಾರ

ಪ್ರೀತಿಯ ಗುಬ್ಬಿ,

‘ಕರೆದವರು ಯಾರೆಂದು ಕೇಳದೆಯೇ ಓಗೊಟ್ಟೆ.’ ಇಂಥದೊಂದು ಸಾಲನ್ನು ಎಂ.ಎ. ಓದುವಾಗ ನನ್ನ ನೋಟ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿದ್ದೆ, ನೆನಪಿದೆಯಾ? ನೀನು ಅದನ್ನು ಓದಿ, ‘ಕಳ್ಳ ಕರೆದರೂ ಹೋಗಿಬಿಡ್ತೀಯೇನೇ ಅಕ್ಕಾ?’ ಎಂದು ನಕ್ಕಿದ್ದೆ. ಯಾರು ಬರೆದದ್ದು, ಹಿಂದೆಮುಂದೆ ಏನಿತ್ತು, ಒಂದೂ ನೆನಪಿಲ್ಲ. ‘ಓಗೊಟ್ಟೆ’ ಎಂದಿತ್ತೋ ‘ಓಗೊಡಲಿಲ್ಲ’ ಎಂದಿತ್ತೋ ಎನ್ನುವುದೂ ಈಗ ಅನುಮಾನ. ಎರಡು ವಾರದಿಂದ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಅದೇ ಬಂದು ಕಿವಿಯಲ್ಲಿ ಕೂರುತ್ತದೆ. ಕರೆದವರು ಯಾರೆಂದು ಗೊತ್ತಿಲ್ಲದೆ ಓಗೊಡುವುದು ಹೇಗೆ? ಕರೆದದ್ದು ನಮ್ಮನ್ನೇ ಅಲ್ಲದಿದ್ದರೆ?

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೇಕಾದಷ್ಟು ಬೈದುಕೋ, ಆದರೆ ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಿ ಮಾತಾಡುತ್ತಲೇ ಇದ್ದೇವಲ್ಲ ಎನ್ನುತ್ತೀಯ. ಫೋನಿನಲ್ಲಿ ನನ್ನಿಂದ ಆಗುವುದಿಲ್ಲ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನದೇ ದನಿ ಬೇರೆ ಕೋಣೆಯಿಂದ ಮಾತಾಡಿದ ಹಾಗಾಗಿ ಬಾಯಿ ಕಟ್ಟಿಹೋಗುತ್ತದೆ. ನಿನ್ನ ಹಾಸ್ಟೆಲಿನ ಹುಡುಗಿಯರೆಲ್ಲ ಕಾಮಾಲೆಯಿಂದ ಎದ್ದು ಓಡಾಡುತ್ತಿದ್ದಾರೆ ಎಂದು ಓದಿ ಸಮಾಧಾನವಾಯಿತು. ಅರವತ್ತು ಮಕ್ಕಳು ಮಲಗಿದ್ದಾಗ ವಾರ್ಡನ್ ಆದವಳು ಅವರನ್ನು ಬಿಟ್ಟು ಬರುವುದಾದರೂ ಹೇಗೆ? ಅಮ್ಮ ಹೋದ ಎರಡನೆಯ ದಿನ ಬಂದು ಬಾಗಿಲಲ್ಲೇ ಕುಸಿದು ಕೂತೆಯಲ್ಲ, ಆ ಭಾರವನ್ನು ಇನ್ನೂ ಹೊತ್ತು ತಿರುಗಬೇಡ.

ಇಲ್ಲಿಯ ಸುದ್ದಿ ಎಂದರೆ, ಬೂದಿಗೆ ಆಪರೇಷನ್ ಆಯಿತು.

ನಗಬೇಡ. ಅಮ್ಮನ ಮೂರೂ ಕೋಳಿಗಳು ಚೆನ್ನಾಗಿವೆ ಎಂದು ನಾನು ಫೋನಿನಲ್ಲಿ ಹೇಳುತ್ತಾ ಬಂದದ್ದು ನಿಜವಲ್ಲ. ಅಮ್ಮ ಹೋದ ಮೇಲೆ ಅವು ದಿನಾ ಸಂಜೆ ನಾಲ್ಕಕ್ಕೆ ಹಿತ್ತಲ ಬಾಗಿಲ ಮುಂದೆ ಸಾಲಾಗಿ ಬಂದು ನಿಲ್ಲುತ್ತಿದ್ದವು. ಹೆಡ್‌ಮಿಸ್ ಮುಂದೆ, ಕುಂಟಿ ನಡುವೆ, ಬೂದಿ ಹಿಂದೆ. ಕಾಳು ಹಾಕಿದರೆ ತಿನ್ನುತ್ತಿದ್ದವು. ತಿಂದ ಮೇಲೂ ಕದಲುತ್ತಿರಲಿಲ್ಲ. ಕತ್ತು ಓರೆ ಮಾಡಿಕೊಂಡು, ನನ್ನ ಹಿಂದೆ ಯಾರೋ ಬರುತ್ತಿದ್ದಾರೆ ಎನ್ನುವ ಹಾಗೆ ಒಳಗೆ ನೋಡುತ್ತಾ ನಿಂತಿರುತ್ತಿದ್ದವು. ನಾನೂ ಎರಡು ಸಲ ಹಿಂತಿರುಗಿ ನೋಡಿದೆ ಎಂದರೆ ನಂಬುತ್ತೀಯಾ? ಕತ್ತಲಾಗುತ್ತಾ ಬಂದರೂ ಬೂದಿ ಗೂಡಿಗೆ ಹೋಗಲು ಒಪ್ಪುತ್ತಿರಲಿಲ್ಲ. ಕೊನೆಗೆ ಅಮ್ಮನ ನೀಲಿ ಉಲ್ಲನ್ ಶಾಲನ್ನು ತಂದು ಗೂಡಿನಲ್ಲಿ ಹಾಸಿದೆ. ಅಮ್ಮನ ವಾಸನೆ ಇದ್ದರೆ ಮಲಗಿಯಾವು ಎಂದು. ಮಲಗಿದವು. ಬೂದಿಯಂತೂ ಅದರ ಮಡಿಕೆಯೊಳಗೆ ಮುಳುಗಿಬಿಟ್ಟಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಹೋದ ತಿಂಗಳು ಒಂದು ಬೆಳಿಗ್ಗೆ ನೋಡುತ್ತೇನೆ, ಅವಳ ಕತ್ತಿನ ಬುಡದಲ್ಲಿ ಟೆನಿಸ್ ಚೆಂಡಿನಷ್ಟು ದಪ್ಪ ಗಂಟು. ಅಲ್ಲಿರುವುದು ಮೇವಿನ ಚೀಲವಂತೆ. ಸಂಜೆ ತಿಂದದ್ದು ಬೆಳಗಾಗುವಷ್ಟರಲ್ಲಿ ಕೆಳಗಿಳಿದು ಅದು ಖಾಲಿಯಾಗಿರಬೇಕು. ಇವಳದು ಒತ್ತಿದರೆ ಕಣಕದ ಹಾಗಿತ್ತು, ಬಾಯಿಂದ ಹುಳಿ ವಾಸನೆ. ಎತ್ತಿಕೊಂಡರೆ ಗರಿಯೇ ಹೆಚ್ಚು, ಕೋಳಿ ಕಡಿಮೆ. ಪ್ರೆಸ್ಸಿನಲ್ಲಿ ಹದಿನೇಳು ವರ್ಷದಿಂದ ಔಷಧಿ ಡಬ್ಬಿಯೊಳಗಿನ ಚೀಟಿಗಳ ಕರಡು ತಿದ್ದುತ್ತಿರುವವಳು ನಾನು. ಗರ್ಭಿಣಿಯರಿಗೆ, ಮೊಲೆಹಾಲು ಕುಡಿಸುವವರಿಗೆ, ಯಂತ್ರ ನಡೆಸುವವರಿಗೆ ಎಲ್ಲರಿಗೂ ಅದರಲ್ಲಿ ಒಂದೊಂದು ಮಾತಿದೆ. ಕೋಳಿಗೆ ಒಂದು ಸಾಲಿಲ್ಲ.

ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಅವಳನ್ನು ಕೂರಿಸಿಕೊಂಡು ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರು ಪೆಟ್ಟಿಗೆಯೊಳಗೆ ಇಣುಕಲೂ ಇಲ್ಲ.

‘ಎಷ್ಟು ಕೋಳಿ ಇವೆ?’

‘ಮೂರು.’

‘ಮೂರು ಸಾವಿರಾನಾ?’

‘ಅಲ್ಲ ಸಾರ್. ಮೂರು.’

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ‘ನೋಡೀಮ್ಮಾ, ನಾವು ಕೊಡೋದು ಇಡೀ ಶೆಡ್ಡಿಗೆ, ನೀರಲ್ಲಿ ಬೆರೆಸೋ ಔಷಧ. ಒಂದು ಕೋಳಿಗೆ ಅಂತ ಇಲ್ಲ. ಒಂದಕ್ಕೆ ಬಂದ್ರೆ ಅದನ್ನ ತೆಗೆದುಬಿಡೋದು.’

ಕೆಟ್ಟದಾಗಿ ಹೇಳಲಿಲ್ಲ, ಪಾಪ. ಕರಡಿನಲ್ಲಿ ಹೆಚ್ಚಿಗೆ ಬಿದ್ದ ಅಕ್ಷರದ ಪಕ್ಕ ನಾನು ಹಾಕುವ ಗುರುತಿನ ಅರ್ಥವೂ ಅದೇ ತಾನೆ: ತೆಗೆ.

ಅಲ್ಲಿಂದ ನಾಯಿ ಬೆಕ್ಕುಗಳ ಕ್ಲಿನಿಕ್ಕಿಗೆ. ಗಾಜಿನ ಬಾಗಿಲು, ತಣ್ಣನೆಯ ಹಜಾರ. ಮೇಜಿನ ಹಿಂದೆ ಕೂತಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ, ‘ಇದರಲ್ಲಿ ಕೋಳಿ ಬರಲ್ಲ ಮೇಡಂ. ಗಿಣಿ ಅಂತ ಹಾಕ್ಲಾ?’ ಎಂದಳು. ಪಕ್ಕದಲ್ಲಿ ದೊಡ್ಡ ನಾಯಿಯೊಂದನ್ನು ಕಾಲಸಂದಿಯಲ್ಲಿ ಕೂರಿಸಿಕೊಂಡಿದ್ದ ಗಂಡಸು, ‘ಎಷ್ಟು ವಯಸ್ಸು?’ ಎಂದು ವಿಚಾರಿಸಿದ.

‘ಐದು.’

‘ಹಾಗಾದ್ರೆ ಬಿಡಿ, ಇನ್ನು ಬೇಯೋದೂ ಇಲ್ಲ.’

ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ. ಪೆಟ್ಟಿಗೆಯ ತೂತಿನಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಆ ಕಣ್ಣು ಈಗಲೂ ನನ್ನನ್ನು ಬಿಟ್ಟಿಲ್ಲ. ಅಲ್ಲಿಯ ಡಾಕ್ಟರು ತಾವು ಹಕ್ಕಿಗಳನ್ನು ಮುಟ್ಟುವುದಿಲ್ಲವೆಂದು ಹೇಳಿ, ಪಶುವೈದ್ಯ ಕಾಲೇಜಿನ ಹಕ್ಕಿ ವಿಭಾಗಕ್ಕೆ ಒಂದು ಚೀಟಿ ಬರೆದುಕೊಟ್ಟರು.

ಮಾರನೆಯ ದಿನ ರಜೆ ಹಾಕಿ ಎರಡು ಬಸ್ಸು ಬದಲಾಯಿಸಿ ಹೋದೆ. ಅಲ್ಲಿ ಸಿಕ್ಕವಳು ನನಗಿಂತ ಇಪ್ಪತ್ತು ವರ್ಷ ಚಿಕ್ಕ ಡಾಕ್ಟರು. ಬೂದಿಯನ್ನು ಎತ್ತಿ, ಕೈಚೀಲ ಸಿಕ್ಕಿಸಿಕೊಂಡಷ್ಟು ಸಲೀಸಾಗಿ ಕಂಕುಳಲ್ಲಿ ಇರಿಸಿಕೊಂಡಳು. ಬೂದಿಯೂ ಸುಮ್ಮನಾದಳು.

‘ಎಷ್ಟು ದಿನದಿಂದ?’

‘ನಿನ್ನೆಯಿಂದ.’

‘ನಿನ್ನೆ ನಿಮಗೆ ಕಂಡಿದೆ. ಇದು ಎರಡು ಮೂರು ವಾರದ ಕತೆ. ಕೋಳಿ ಕಾಯಿಲೆ ಮುಚ್ಚಿಡುತ್ತೆ ಮೇಡಂ. ಸುಸ್ತಾಗಿದೆ ಅಂತ ತೋರಿಸಿಕೊಂಡ್ರೆ ಜೊತೆಯವೇ ಕುಕ್ಕುತ್ತವೆ. ಅದಕ್ಕೇ ಕಾಳು ಎತ್ತೋದು, ಬಿಡೋದು, ಎತ್ತೋದು, ಬಿಡೋದು. ನೋಡೋರಿಗೆ ತಿಂತಾ ಇದೆ ಅನ್ನಿಸಬೇಕು.’

ಅಮ್ಮ ತಟ್ಟೆಯಲ್ಲಿ ಊಟವನ್ನು ಕಲಸಿ ಕಲಸಿ ಅಂಚಿಗೆ ಸರಿಸಿ, ‘ಆಯ್ತು ನೋಡು’ ಎನ್ನುತ್ತಿದ್ದಳು. ನಾನು ತಟ್ಟೆ ಎತ್ತಿಕೊಂಡು ಹೋಗಿ ತೊಳೆಯುತ್ತಿದ್ದೆ.

‘ಉಳೀತಾಳಾ?’ ಎಂದೆ.

‘ಕುಯ್ದು ತೆಗೀಬೇಕು. ತಡ್ಕೊಂಡ್ರೆ ಉಳೀತಾಳೆ. ಅಲ್ಲೇ ಕೂತ್ಕೊಳ್ಳಿ, ಮುಕ್ಕಾಲು ಗಂಟೆ ಆಗುತ್ತೆ.’

‘ಪರವಾಗಿಲ್ಲ, ನಿಂತಿರ್ತೀನಿ.’

ನನ್ನ ಸ್ವಭಾವ ನಿನಗೆ ಗೊತ್ತಲ್ಲ. ನಿಂತೇ ಇದ್ದೆ. ಕಿಟಕಿಯ ಈಚೆಯಿಂದ ಎಲ್ಲ ಕಾಣುತ್ತಿತ್ತು. ಮೊದಲು ಒದ್ದೆ ಹುಲ್ಲಿನ ಉಂಡೆ ಬಂತು. ಆಮೇಲೆ ಇಕ್ಕಳಕ್ಕೆ ಒಂದು ನೂಲು ಸಿಕ್ಕಿತು. ಡಾಕ್ಟರು ಎಳೆದಳು. ಬರುತ್ತಲೇ ಹೋಯಿತು. ಒಂದರ ಹಿಂದೆ ಒಂದು, ಗಂಟುಗಂಟಾಗಿ, ಒಂದು ಮುಷ್ಟಿಯಷ್ಟು. ಸ್ಟೀಲ್ ತಟ್ಟೆಯ ಮೇಲೆ ಹರಡಿಟ್ಟಳು. ಮೇವಿನ ಚೀಲದ ಹುಳಿಯಲ್ಲಿ ಅಷ್ಟು ದಿನ ನೆಂದರೂ ಬಣ್ಣ ಹೋಗಿರಲಿಲ್ಲ. ನೀಲಿ.

‘ಇದೇನು, ಉಲ್ಲನ್ನಾ?’

‘ನಮ್ಮಮ್ಮಂದು,’ ಎಂದೆ. ಅವಳಿಗೆ ಏನರ್ಥವಾಯಿತೋ. ‘ಇನ್ನು ಮೇಲೆ ಮರದ ಹೊಟ್ಟು ಹಾಸಿ. ಬಟ್ಟೆ ಬೇಡ,’ ಎಂದು ಹೊಲಿಗೆ ಹಾಕತೊಡಗಿದಳು.

ಮನೆಗೆ ಬಂದು ಗೂಡಿನಿಂದ ಶಾಲು ಎಳೆದು ನೋಡಿದರೆ ಒಂದು ಅಂಚು ಪೂರ್ತಿ ಕುಕ್ಕಿ ಕಿತ್ತುಹೋಗಿತ್ತು. ಒಗೆದು ಹಗ್ಗದ ಮೇಲೆ ಹಾಕಿದ್ದನ್ನು ಪಕ್ಕದ ಮನೆಯ ಟೈಲರ್ ಆಂಟಿ ಕಂಡು, ‘ಕೊಡಿಲ್ಲಿ, ಅಂಚು ಮಡಚಿ ಹೊಲಿದುಕೊಡ್ತೀನಿ. ನಿಮ್ಮಮ್ಮ ಇದನ್ನ ಹೊದ್ದು ಕೂತಿರೋದನ್ನ ನೋಡಿ ನೋಡಿ ನಂಗೂ ರೂಢಿ’ ಎಂದು ತೆಗೆದುಕೊಂಡು ಹೋದರು. ನಾನು ಪ್ರೆಸ್ಸಿಗೆ ಹೋದ ಮೇಲೆ ಬೆಳಗ್ಗಿನ ಹೊತ್ತೆಲ್ಲ ಅಮ್ಮನ ಜೊತೆ ಕೂತು ಕಾಜ ಹೊಲಿಯುತ್ತಿದ್ದವರು ಅವರೇ ಅಲ್ಲವೇ. ಅವರ ಮೆಷಿನ್ನಿಗೂ ಅಮ್ಮನ ಮಂಚಕ್ಕೂ ನಡುವೆ ಒಂದೇ ಗೋಡೆ.

ಬೂದಿಯನ್ನು ಅಮ್ಮನ ಕೋಣೆಯಲ್ಲೇ ಇಟ್ಟೆ. ಬಿಸಿಲು ಬರುವುದು ಅದಕ್ಕೊಂದಕ್ಕೇ. ಹೊತ್ತು ಹೊತ್ತಿಗೆ ಔಷಧಿ, ಮೆತ್ತಗೆ ಕಿವುಚಿದ ಮೊಟ್ಟೆ, ನೀರು, ಗಾಯಕ್ಕೆ ಮುಲಾಮು, ಎಲ್ಲ ಗಡಿಯಾರ ನೋಡಿಕೊಂಡು ಮಾಡಿದೆ. ಒಂದು ಗುಕ್ಕು ತಿನ್ನಲಿಲ್ಲ. ಗೋಡೆಗೆ ಮುಖ ಮಾಡಿಕೊಂಡು ಗರಿ ಉಬ್ಬಿಸಿಕೊಂಡು ಕೂತಳು. ಎರಡನೆಯ ದಿನವೂ ಅಷ್ಟೇ. ಡಾಕ್ಟರಿಗೆ ಫೋನು ಮಾಡಿದೆ.

‘ಇವತ್ತು ತಿನ್ನದಿದ್ರೆ ಕಷ್ಟ,’ ಎಂದಳು. ‘ತಟ್ಟೆ ಇಟ್ಟು ಎದ್ದು ಹೋಗ್ತಾ ಇದೀರಾ?’

‘ಹೌದು.’

‘ಕೋಳಿ ಒಂಟಿಯಾಗಿ ತಿನ್ನಲ್ಲ ಮೇಡಂ. ಪಕ್ಕದಲ್ಲಿ ಕೂತ್ಕೊಳ್ಳಿ. ಮೊದ್ಲು ಯಾರು ಹಾಕ್ತಿದ್ರೋ ಅವರು ಹೇಗೆ ಕರೀತಿದ್ರೋ ಹಾಗೇ ಕರೀರಿ.’

ನೆಲದ ಮೇಲೆ ಕೂತೆ. ಅಮ್ಮ ಎರಡು ಬೆರಳಿನ ಉಗುರಿನಿಂದ ತಟ್ಟೆಯ ಅಂಚು ಕುಟ್ಟುತ್ತಾ ‘ಬಾ ಬಾ ಬಾ ಬಾ’ ಎಂದು, ಕೊನೆಗೆ ದನಿ ಮೇಲಕ್ಕೆಳೆದು ‘ಬಂದ್ಯಾ?’ ಎನ್ನುತ್ತಿದ್ದಳಲ್ಲ, ಹಾಗೆ ಕರೆದೆ. ಮೊದಲ ಸಲ ನನ್ನದೇ ದನಿ ಬಂತು. ಎರಡನೆಯ ಸಲವೂ. ಎಷ್ಟನೆಯ ಸಲವೋ ಗೊತ್ತಿಲ್ಲ, ನನ್ನ ಗಂಟಲಿನಿಂದ ಅಮ್ಮ ಕರೆದಳು. ಹಿತ್ತಲಿನಲ್ಲಿದ್ದ ಹೆಡ್‌ಮಿಸ್ಸೂ ಕುಂಟಿಯೂ ಓಡಿಬಂದು ಬಾಗಿಲು ಕುಕ್ಕತೊಡಗಿದವು. ಬೂದಿ ನಿಧಾನಕ್ಕೆ ಗೋಡೆಯಿಂದ ಮುಖ ತಿರುಗಿಸಿ, ನನ್ನನ್ನು ನೋಡಿ, ತಿಂದಳು.

ಅಂದಿನಿಂದ ದಿನಕ್ಕೆ ಐದು ಸಲ ನಾನು ಅಮ್ಮನಾಗುತ್ತಿದ್ದೇನೆ. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರಿಗೆ ಹೇಳಿದೆ, ‘ಪಾಪದ ಪ್ರಾಣಿಗೆ ಮೋಸ ಮಾಡಿಬಿಟ್ಟೆ’ ಎಂದು. ಅವಳು ನಕ್ಕಳು. ‘ಕೋಳಿಗೆ ಮುಖ ಚೆನ್ನಾಗಿ ಗುರುತು ಸಿಗುತ್ತೆ. ಅದೇನೂ ಮೋಸ ಹೋಗಿಲ್ಲ.’ ಬೂದಿ ಈಗ ಕೋಣೆಯಲ್ಲೆಲ್ಲ ಓಡಾಡುತ್ತಾಳೆ. ಮಂಚದ ಕೆಳಗೆ ಹೋಗಿ ಅರ್ಧ ಗಂಟೆ ಸುಮ್ಮನೆ ನಿಲ್ಲುತ್ತಾಳೆ. ಅಲ್ಲಿ ಏನಿದೆಯೆಂದು ನಾನು ಬಗ್ಗಿ ನೋಡಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮಕ್ಕಳ ತಟ್ಟೆ ನೋಡಿದ ಹಾಗೆ ನಿನ್ನದನ್ನೂ ನೋಡಿಕೋ. ಆ ಅರವತ್ತೂ ಹುಡುಗಿಯರು ನಿನ್ನನ್ನು ಕಾಡುತ್ತಾ, ನಗಿಸುತ್ತಾ, ನಿನ್ನ ಸುತ್ತ ತುಂಬಿಕೊಂಡಿರಲಿ. ನೀನು ಒಂಟಿ ಎನ್ನುವ ಯೋಚನೆಗೆ ಪುರಸೊತ್ತೇ ಸಿಗದಿರಲಿ. ನನ್ನ ಪಾಲಿನ ಆಯುಸ್ಸಿನಲ್ಲೂ ಒಂದಿಷ್ಟು ನಿನಗಿರಲಿ.

ನಿನ್ನ,
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನು ಹೇಳಲೇಬೇಕು. ಇದಕ್ಕಾಗಿಯೇ ಕಾಗದ ಬರೆಯಲು ಕೂತದ್ದು, ಇಷ್ಟು ಪುಟ ಕೋಳಿಯ ಹಿಂದೆ ಅಡಗಿಕೊಂಡಿದ್ದೆ.

ಅಮ್ಮ ಕೊನೆಗೆ ಯಾರನ್ನಾದರೂ ಕೇಳಿದಳಾ ಎಂದು ನೀನು ಅವತ್ತು ಕೇಳಿದೆ. ಇಲ್ಲ, ನಿದ್ದೆಯಲ್ಲೇ ಇದ್ದಳು ಎಂದೆ. ಸುಳ್ಳು, ಗುಬ್ಬಿ. ಕೊನೆಯ ಹನ್ನೊಂದು ದಿನ, ನಾನು ಪ್ರೆಸ್ಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ, ಒಳಗಿನಿಂದ ‘ಗುಬ್ಬೀ’ ಎಂದು ಕರೆಯುತ್ತಿದ್ದಳು. ಕಣ್ಣು ಪೂರ್ತಿ ಮಂಜಾಗಿತ್ತು. ಮೊದಲ ದಿನ, ‘ಗುಬ್ಬಿ ಅಲ್ಲಮ್ಮಾ, ನಾನು’ ಎಂದೆ. ಗೋಡೆಗೆ ಮುಖ ತಿರುಗಿಸಿಕೊಂಡಳು. ಎರಡನೆಯ ದಿನ ಏನನ್ನಿಸಿತೋ, ನಿನ್ನ ಹಾಗೆ ‘ಏನ್ ಅಮ್ಮಣ್ಣೀ’ ಎಂದು, ನಿನ್ನ ಹಾಗೇ ಮಂಚದ ಮೇಲೆ ಕಾಲು ಮಡಚಿ ಕೂತೆ. ‘ಬಂದ್ಯಾ?’ ಎಂದಳು. ಹತ್ತು ಸಂಜೆ ನಾನು ನೀನಾಗಿದ್ದೆ. ನಿನಗೆಂದು ಇಟ್ಟಿದ್ದ ಅಮ್ಮನನ್ನು ನಾನು ತೆಗೆದುಕೊಂಡೆ. ಒಂದು ದಿನ ನನ್ನ ಕೈ ಹಿಡಿದು, ‘ನಿಮ್ಮಕ್ಕ ಎಲ್ಲಾ ಮಾಡ್ತಾಳೆ ಕಣೇ, ಒಂದರಲ್ಲೂ ತಪ್ಪು ಹುಡುಕೋಕಾಗಲ್ಲ. ಆದ್ರೆ ಒಂದು ಗಳಿಗೆ ಪಕ್ಕದಲ್ಲಿ ಕೂತ್ಕೊಳ್ಳಲ್ಲ’ ಎಂದಳು. ‘ನಾನು ಹೇಳ್ತೀನಿ ಬಿಡು ಅಮ್ಮಣ್ಣಿ’ ಎಂದೆ. ಯಾರಿಗೆ ಹೇಳಲಿ? ಅವಳು ಕರೆದದ್ದು ನಿನ್ನನ್ನು. ಓಗೊಟ್ಟವಳು ನಾನು. ಬೇಕಾದರೆ ಕ್ಷಮಿಸು, ಬೇಡವಾದರೆ ಬೇಡ.

ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಎದ್ದು ಹೋಗಿ ಬಂದೆ. ಅಲ್ಲಿ ಕೇಳಿದ್ದನ್ನೂ ಹಾಗೆಯೇ ಬರೆದು ಅಂಟಿಸುತ್ತೇನೆ, ಅದೂ ನಿನಗೆ ಸೇರಬೇಕಾದದ್ದೇ.

ಟೈಲರ್ ಆಂಟಿ ಶಾಲು ಹೊಲಿದು ತಂದಿದ್ದರು. ‘ದಿನಾ ನಿಮ್ಮಮ್ಮನ ಥರಾನೇ ಕೋಳಿ ಕರೀತೀಯ. ಮೆಷಿನ್ ನಿಲ್ಲಿಸಿ ಕೂತುಬಿಡ್ತೀನಿ,’ ಎಂದರು. ನನ್ನ ಕೈಯಲ್ಲಿದ್ದ ಪೆನ್ನು ನೋಡಿ, ‘ಯಾರಿಗೆ ಕಾಗದ, ಗುಬ್ಬಿಗಾ?’ ಎಂದರು.

‘ಹೂಂ ಆಂಟಿ. ಕೊನೇಲಿ ಅಮ್ಮ ಅವಳನ್ನೇ ಕರೀತಿದ್ದಳಲ್ಲ, ಅದನ್ನ ಇವತ್ತು ಹೇಳಿಬಿಡೋಣ ಅಂತ.’

ಆಂಟಿ ಒಳಗೆ ಬರಲಿಲ್ಲ. ಶಾಲನ್ನು ನನ್ನ ಕೈಗೆ ಕೊಟ್ಟು, ಹೊಸ ಅಂಚಿನ ಮೇಲೆ ಬೆರಳಾಡಿಸುತ್ತಾ ಹೊಸ್ತಿಲಾಚೆಯೇ ನಿಂತು ಹೇಳಿದರು: ‘ಅವಳನ್ನೆಲ್ಲಿ ಕರೀತಿದ್ರಮ್ಮಾ? ನಿಮ್ಮಮ್ಮಂಗೆ ಮಂಜಾಗಿದ್ದು ಕಣ್ಣು, ಕಿವಿ ಅಲ್ಲ. ನಿನಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ರು. “ದೊಡ್ಡವಳು ದೊಡ್ಡವಳಾಗಿ ಬಂದ್ರೆ ನಿಂತೇ ಇರ್ತಾಳೆ. ಗುಬ್ಬಿ ಅಂತ ಕರೆದ್ರೆ ಬಂದು ಕೂತ್ಕೋತಾಳೆ” ಅಂತಿದ್ರು.’