ಕ್ಯಾಮೆರಾದೊಳಗೆ ಕಂಡ ನಮ್ಮ ಹಿತ್ತಲು

೧೨ ಅಕ್ಟೋಬರ್ ೧೯೭೬

ಪ್ರೀತಿಯ ಇರ್ಮೆಲಾ ಅಕ್ಕ,

ಎಲ್ಲಿದ್ದೇನೆ ಹೇಳು? ಎಲ್ಬೆ ನದಿಯ ಪಶ್ಚಿಮ ಜರ್ಮನಿಯ ದಡದಲ್ಲಿ, ಪೂರ್ವದ ನಮ್ಮೂರಿಗೆ ನೇರ ಎದುರಿಗೆ! ಚಿಕ್ಕಂದಿನಲ್ಲಿ ನಾವು ಆಚೆಯಿಂದ ನೋಡುತ್ತಿದ್ದ, ಕಾಲಿಡದ ಊರು ಇದು. ಗಡಿ ದಾಟಿ ಬಂದ ಮೇಲೆ ಹದಿನೆಂಟು ವರ್ಷ ಯಾರ್ಯಾರದೋ ಮನೆಯ ಕಥೆಗಳನ್ನು ಟಿವಿಗೆ ತೆಗೆದೆ. ಈ ಧಾರಾವಾಹಿಗೆ ಮಾತ್ರ ಇದೇ ದಡ ಬೇಕೆಂದು ಹಟ ಹಿಡಿದೆ.

ಇವತ್ತು ಬೆಳಿಗ್ಗೆ ಏರಿಯ ಮೇಲೆ ನಿಂತು ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ನಮ್ಮ ಹಿತ್ತಲು! ಅಮ್ಮ ಹೊದಿಕೆ ಕೊಡವುತ್ತಿದ್ದಳು. ನಡುನಡುವೆ ಸೊಂಟ ಹಿಡಿದು ನಿಲ್ಲುತ್ತಿದ್ದಳು.

"ಮೋಡ ಬರ್ತಾ ಇದೆ ಕಣಯ್ಯಾ ಫೋಲ್ಕರ್, ನಟರೆಲ್ಲ ಚಳೀಲಿ ನಡುಗ್ತಾ ಇದಾರೆ, ಶುರು ಮಾಡೋಣ್ವಾ?" ಎಂದ ಕ್ಯಾಮೆರಾಮನ್ ಎಗೊನ್.

"ತಡಿ ಮಾರಾಯಾ, ಅಮ್ಮ ಇನ್ನೂ ಒಳಗೆ ಹೋಗಿಲ್ಲ."

ಅವನೂ ಬಗ್ಗಿ ನೋಡಿದ. ಆಮೇಲೆ ತಾನೇ ಎಲ್ಲರಿಗೂ, "ಹೋಗ್ರೋ, ಕಾಫಿ ಕುಡ್ಕೊಂಡ್ ಬನ್ನಿ!" ಎಂದು ಕೂಗಿದ.

ನನ್ನ ಹೊಟ್ಟೆಹುಣ್ಣು ವಾಸಿಯಾಗಿದೆ. ಅಮ್ಮನ ಸೊಂಟಕ್ಕೆ ಮುಲಾಮು ಕಳಿಸುತ್ತೇನೆ. ಶನಿವಾರದವರೆಗೆ ಇಲ್ಲೇ ಇರುತ್ತೇನೆ. ಈ ಕಾರ್ಡು ಊರೆಲ್ಲ ಸುತ್ತಿ ನಿನ್ನ ಕೈಸೇರಲು ಹತ್ತು ದಿನ ಬೇಕೆಂದು ಗೊತ್ತು. ಆದರೂ ಬರೆಯುತ್ತಿದ್ದೇನೆ: ಬೆಳಿಗ್ಗೆ ನೀನೂ ಒಮ್ಮೆ ಹಿತ್ತಲಿಗೆ ಬಾ ಅಕ್ಕ.

ನಿನ್ನ ಫೋಲ್ಕರ್