ಮರೆತದ್ದು ನೀನಲ್ಲ

ಪ್ರೀತಿಯ ಅಕ್ಕ,

ನೀನು ಮರೆತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದು. ಫೋನಿನಲ್ಲಿ ಹೇಳಿದ್ದರೆ "ಸಮಾಧಾನ ಮಾಡೋಕೆ ಫೋನ್ ಮಾಡ್ದೆಯೇನೋ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದೆ.

ಆಸ್ಪತ್ರೆಯ ಔಷಧಿ ಕೌಂಟರಿನಿಂದ ನೀನು ಮಕ್ಕಳ ವಾರ್ಡಿಗೆ ಕಳಿಸಿದ ಜ್ವರದ ಸಿರಪ್ಪು ದೊಡ್ಡವರ ವಾರ್ಡಿಗೆ ಹೋಯಿತು. ನರ್ಸ್ ಓಡಿಬಂದು "ಮಗು ಕೆಂಡದ ಹಾಗೆ ಸುಡ್ತಿದೆ, ಔಷಧಿ ಎಲ್ರೀ?" ಎಂದಳು. ಮಗುವಿಗೆ ಏನೂ ಆಗಲಿಲ್ಲ. ಆದರೆ ಅಂದು ಸಂಜೆ ನಿನ್ನ ದನಿ ನಿನ್ನದಾಗಿರಲಿಲ್ಲ. "ಕಂಪ್ಯೂಟರಿನಲ್ಲಿ ಮಕ್ಕಳ ವಾರ್ಡ್ ಅಂತ ಆರಿಸಿಟ್ಟಿರ್ತೀನಿ ಕಣೋ, ಬೆಳಿಗ್ಗೆ ನೋಡಿದ್ರೆ ಇರಲ್ಲ, ದೊಡ್ಡವರ ವಾರ್ಡ್ ಅಂತಿರುತ್ತೆ. ಇವತ್ತು ಅವಸರದಲ್ಲಿ ನೋಡ್ಲೇ ಇಲ್ಲ. ಆರಿಸಿದ್ನೋ ಇಲ್ವೋ, ಈಗ ನಂಗೇ ಗೊತ್ತಾಗ್ತಿಲ್ಲ. ಅಮ್ಮಂಗೂ ಹೀಗೇ ಅಲ್ವಾ ಶುರುವಾಗಿದ್ದು?" ತಿಂಗಳ ಕೊನೆಗೆ ಕೆಲಸ ಬಿಡುವ ಮಾತು ಅದರ ಬೆನ್ನಿಗೇ ಬಂತು.

ಊಟ ಮಾಡಿ ಮಲಗು ಎಂದು ಫೋನ್ ಇಟ್ಟುಬಿಟ್ಟೆ. ಅಮ್ಮ ಕೊನೆಕೊನೆಗೆ ನನ್ನನ್ನು ನಲ್ಲಿ ರಿಪೇರಿಯವನೆಂದುಕೊಂಡು ಬಾಗಿಲಲ್ಲೇ ನಿಲ್ಲಿಸುತ್ತಿದ್ದದ್ದು ನೆನಪಾಯಿತು. ನಿನ್ನಲ್ಲಿ ಶುರುವಾದರೆ ಮುಂದೆ ಯಾರ ಸರದಿ ಎಂಬ ಯೋಚನೆಯೂ ಬಂತು. ಆಮೇಲೆ ಫೋನ್ ಮಾಡಿದಾಗಲೆಲ್ಲ ನಿನ್ನೆ ಏನು ಅಡುಗೆ ಎಂದು ಕೇಳುತ್ತಿದ್ದೆ. "ನಿನ್ನೆದು ಬಿಡು, ಮೊನ್ನೆದೂ ಹೇಳ್ಲಾ ಪರೀಕ್ಷಕರೇ?" ಎಂದು ನೀನೊಮ್ಮೆ ಅಂದೆ. ಇಬ್ಬರೂ ನಕ್ಕೆವು. ಇಬ್ಬರಿಗೂ ನಗು ಬಂದಿರಲಿಲ್ಲ.

ನಿನ್ನ ಕೌಂಟರಿನ ಕಂಪ್ಯೂಟರಿನಲ್ಲಿ ನೀನು ವಾರ್ಡ್ ಆರಿಸುವ ಆ ಪುಟವನ್ನು ನಡೆಸುವುದು ನಮ್ಮ ಕಚೇರಿಯೇ. ಹೊಕ್ಕು ನೋಡುವುದು ಸುಲಭ. ಪುಟದಲ್ಲಿ ತಪ್ಪಿಲ್ಲ ಎಂದು ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆಗೆ ಸ್ವಲ್ಪ ದಿನ ಮುಂದೂಡಿದೆ, ಕೊನೆಗೆ ನೋಡಿಯೇಬಿಟ್ಟೆ.

ನೀನು ವಾರ್ಡ್ ಆರಿಸಿದಾಗ ನಮ್ಮ ಸರ್ವರ್ ನಿನ್ನ ಬ್ರೌಸರಿನ ಕೈಗೆ ಒಂದು ಚೀಟಿ ಕೊಡುತ್ತದೆ. ನಾವು ಅದನ್ನು ಕುಕಿ ಎನ್ನುತ್ತೇವೆ. ಇವರದು ಮಕ್ಕಳ ವಾರ್ಡ್, ಈ ಚೀಟಿ ಒಂದು ವರ್ಷ ಇರಲಿ, ಎಂದು. ಪುಟ ತೆರೆದಾಗಲೆಲ್ಲ ಬ್ರೌಸರ್ ಅದನ್ನು ನಮಗೆ ತಿಳಿಸುತ್ತದೆ, ಆದರೆ ವಾರ್ಡಿನ ಹೆಸರನ್ನಷ್ಟೇ. ಎಷ್ಟು ದಿನ ಇರಬೇಕೆಂಬುದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅದನ್ನು ಅಲ್ಲೇ ತಿದ್ದಲು ನಮಗೆ ಕೈ ಎಟುಕದು. ಹಳೆಯದರ ಜಾಗಕ್ಕೆ ಹೊಸದನ್ನು ಕಳಿಸಬೇಕು. ಅದರಲ್ಲಿ ಅವಧಿಯನ್ನು ಮತ್ತೆ ಬರೆಯದಿದ್ದರೆ, ಬ್ರೌಸರ್ ಮುಚ್ಚಿದೊಡನೆ ಅದರ ಕಥೆ ಮುಗಿಯಿತು.

ನಮ್ಮಲ್ಲೊಬ್ಬನಿದ್ದಾನೆ, ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತೇವೆ. ಈಚೆಗೆ ಅವನು, ಪುಟ ತೆರೆದಾಗಲೆಲ್ಲ ಚೀಟಿಗೆ ಆ ದಿನದ ತಾರೀಖು ಸೇರಿಸಿ ವಾಪಸ್ ಕಳಿಸುವ ಹಾಗೆ ಮಾಡಿದ್ದ. ಕರೆದು ಕೇಳಿದೆ.

"ಓದ್ದೆ, ತಿದ್ದಿದೆ, ಕಳಿಸ್ದೆ. ಇನ್ನೇನ್ ಸಾರ್ ಬೇಕಿತ್ತು?"

"ಚೀಟಿಯ ಆಯಸ್ಸು ಯಾರು ಬರೀತಾರೆ ಮಹರಾಯ, ನಿಮ್ಮಜ್ಜನಾ?"

"ಅಯ್ಯೋ, ಹಳೇದೇ ಹಾಗೇ ಇರುತ್ತೆ ಅಂದ್ಕೊಂಡೆ!"

ನಾನು ಅವನ ಬೆನ್ನು ತಟ್ಟಿಬಿಟ್ಟೆ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದವನು ಇನ್ನಷ್ಟು ಹೆದರಿದ.

ಬೇರೆ ಯಾರಿಂದಲೂ ದೂರು ಏಕೆ ಬರಲಿಲ್ಲ ಎಂದು ವಿಚಾರಿಸಿದೆ. ಉಳಿದ ಕೌಂಟರಿನವರು ಬ್ರೌಸರ್ ಮುಚ್ಚುವುದೇ ಇಲ್ಲವಂತೆ, ಎಲ್ಲ ಹಾಗೇ ಬಿಟ್ಟು ಮನೆಗೆ ಹೋಗುತ್ತಾರಂತೆ. ಸಂಜೆ ತೆರೆದದ್ದನ್ನೆಲ್ಲ ಒಂದೊಂದಾಗಿ ಮುಚ್ಚಿ, ಕೀಬೋರ್ಡಿಗೆ ಬಟ್ಟೆ ಹೊದಿಸಿ ಏಳುವವಳು ನೀನೊಬ್ಬಳೇ. ಒಂದು ದಿನವೂ ಮರೆಯದ ಆ ಅಭ್ಯಾಸವೇ ನಿನಗೆ ಮರೆವಿನ ಹೆಸರು ತಂದಿತು, ಅಕ್ಕ.

ಸರಿಪಡಿಸಿಯಾಗಿದೆ. ತಪ್ಪು ನಮ್ಮದೆಂದು ನಿನ್ನ ಮೇಲಧಿಕಾರಿಗೆ ಬರೆದೂ ಆಗಿದೆ. ಇನ್ನೊಂದು ಸಲ ವಾರ್ಡ್ ಆರಿಸು, ಎಂದಿನಂತೆ ಎಲ್ಲವನ್ನೂ ಮುಚ್ಚು. ಬೆಳಿಗ್ಗೆ ಪರದೆಯ ಮೇಲೆ ಏನಿದೆಯೆಂದು ನೋಡಿ, ಆಮೇಲೆ ಕೆಲಸ ಬಿಡುವ ಮಾತಾಡು.

ಅಮ್ಮನ ಕಾಯಿಲೆ ನಮ್ಮ ಹತ್ತಿರ ಎಂದೂ ಸುಳಿಯುವುದಿಲ್ಲ ಎಂದು ನಾನು ಬರೆಯಲಾರೆ. ಈಗ ಬಂದದ್ದು ಅದಲ್ಲ. ಇವತ್ತಿಗೆ ನನಗೆ ಇಷ್ಟು ಸಾಕಾಗಿದೆ, ನಿನಗೂ ಸಾಕಾಗಲಿ.

ಹರಸಬೇಕಾದವಳು ನೀನು, ಚಿಕ್ಕವನು ನಾನು. ಆದರೂ ಇದೊಂದು ಸಲ ಅಧಿಕಪ್ರಸಂಗ ಮಾಡುತ್ತೇನೆ: ಆ ಕುರ್ಚಿಯಲ್ಲೇ ಕೂತು, ಇನ್ನೂ ಬಹಳ ಕಾಲ, ಬಂದವರನ್ನೆಲ್ಲ ಗದರುತ್ತಾ ನೆಮ್ಮದಿಯಾಗಿರು.

ಇಂತಿ,
ನಿನ್ನ ತಮ್ಮ