ಹಾಯಿದೋಣಿಯಿಂದ ಸೊಸೆಗೆ

ಹಿನ್ನೀರಿನ ದಂಡೆ,
ಹೊಸದುರ್ಗ ತಾಲೂಕು
೧೪ ನವೆಂಬರ್ ೨೦೨೫

ಮಗಳೇ ಕಾವ್ಯಶ್ರೀ,

ನಿನ್ನ ಅತ್ತೆ ಗಂಗಕ್ಕ ದೋಣಿಯ ಮುಂದಿನ ಹಲಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಮಾತ್ರ ನನ್ನನ್ನು ಬಿಟ್ಟು ಬೇರೆಯವರ ಮನೆಗೆ ಹೋಗಲು ಒಪ್ಪುತ್ತಿಲ್ಲ. ಹೊಳಲ್ಕೆರೆಯಲ್ಲಿ ನಿನ್ನ ತಾಯಿ, ಅಣ್ಣ, ಅತ್ತಿಗೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದಮೇಲೆ ದೀಪಾವಳಿಯೂ ಕಳೆದುಹೋಯಿತು, ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳೋಣವೆಂದರೆ ನೀನು "ಅತ್ತೆ" ಅಂದ ಕೂಡಲೇ ಇಬ್ಬರೂ ಮೂಗು ಸೀಟುವುದೇ ಮಾತಾಗುತ್ತದೆ.

"ಅಣ್ಣ ಪ್ರಭುಲಿಂಗನ ಸಂಬಂಧ ತಂದವ್ನೆ. ನೀವು ಬ್ಯಾಡ ಅಂದ್ರೆ ಬ್ಯಾಡ. ಬಾ ಅಂದ್ರೆ ನಾಳೆ ಬಸ್ಸಿಗೇ ದೋಣಿಗೆ ಬಂದ್ಬಿಡ್ತೀನಿ" ಎಂದು ಬರೆದಿದ್ದೀಯ. ಆ ಮಾತಿಗೆ ಬರುತ್ತೇನೆ. ಮೊದಲು ದೋಣಿಯ ಸುದ್ದಿ ಕೇಳು, ಅದನ್ನು ಕೇಳದೆ ನಿನಗೆ ಬೇರೆ ಯಾವ ಮಾತೂ ಕಿವಿಗೆ ಇಳಿಯುವುದಿಲ್ಲ.

ಬೇಸಿಗೆಯಲ್ಲಿ ದಂಡೆಗೆ ಎಳೆದು ಮಗುಚಿ ಹಾಕಿದ್ದೆವು. ದುರುಗೇಶ ಇದನ್ನು ಮಲ್ಪೆಯಿಂದ ಲಾರಿಯ ಮೇಲೆ ಹೇರಿಕೊಂಡು ಬಂದ ದಿನವೇ, "ಒಣಗಿದ್ರೆ ಬಾಯಿ ಬಿಡ್ತೈತೆ ಅವ್ವ" ಎಂದು ಹೇಳಿದ್ದ. ಗಾಡಿಯ ಚಕ್ರವನ್ನು ಕೆರೆಯಲ್ಲಿ ನೆನೆಹಾಕಿ ಬೆಳೆದವಳಿಗೆ ಅದೇನು ಹೊಸದೇ? ದಿನಾ ಗೋಣಿಚೀಲ ನೆನೆಸಿ ಹೊದಿಸಿದೆ. ಆದರೂ ಚುಕ್ಕಾಣಿಯ ಹತ್ತಿರ ಎರಡು ಹಲಗೆ ಸಂದು ಬಿಟ್ಟಿದ್ದವು. ಹತ್ತಿ ಹುರಿ ತುರುಕಿ, ರಾಳ ಕಾಯಿಸಿ ಹುಯ್ದು, ಮೈತುಂಬ ಮೀನೆಣ್ಣೆ ಬಳಿದೆವು. ನನ್ನ ತಮ್ಮ ತಿಪ್ಪಯ್ಯ ಕುರಿ ಬಿಟ್ಟು ಬಂದು, ಮೂಗಿಗೆ ಟವೆಲ್ ಕಟ್ಟಿಕೊಂಡು ಕುಂಚ ಹಿಡಿದ.

"ಅಕ್ಕ, ಈ ಪ್ರಾಣಿ ಉಣ್ಣೆ ಕೊಡಲ್ಲ, ಹಾಲು ಕೊಡಲ್ಲ, ಹಿಕ್ಕೆನೂ ಹಾಕಲ್ಲ. ಇದಕ್ಕೆ ವರ್ಷಾ ವರ್ಷಾ ಮೈ ತಿಕ್ಕಬೇಕಾ?"

"ನಿನ್ನ ಹೆಂಡ್ತಿ ನಿನ್ನ ಬೆನ್ನು ತಿಕ್ಕಲ್ವೇನ್ಲೇ? ನೀನೆಷ್ಟು ಉಣ್ಣೆ ಕೊಟ್ಟೀಯ?" ಅಂದೆ. ಈಗ ಚುಕ್ಕಾಣಿ ಹಿಡಿಯುವವನು ಮೀನು ಹಿಡಿಯುವ ಗೊಲ್ಲಪ್ಪ. ಅವನು ನಕ್ಕ ನಗೆಗೆ ಅರ್ಧ ಡಬ್ಬಿ ರಾಳ ನೆಲದ ಪಾಲಾಯಿತು.

ಈಗ ಮಂದಿ ಬುತ್ತಿ ಕಟ್ಟಿಕೊಂಡು ನಡುಗಡ್ಡೆಗೆ ಬರುವ ಕಾಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಮೂಡಣಕ್ಕೆ ಮುಖ ಮಾಡಿ ಮೆಲ್ಲಗೆ ತಿರುಗುತ್ತಿವೆ. ಅವುಗಳನ್ನು ನೋಡಿಯೇ ಹಾಯಿ ಬಿಚ್ಚಬೇಕೆಂದು ಗೊಲ್ಲಪ್ಪನಿಗೂ ಕಲಿಸಿದ್ದೇನೆ. ಹೋದ ಭಾನುವಾರ ಬಾಗೂರಿನಿಂದ ಒಂದು ಸಂಸಾರ ಬಂದಿತ್ತು. ಅವರಲ್ಲೊಬ್ಬ ಅಜ್ಜಿ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, "ಇದಕ್ಕೆ ಬ್ರೇಕ್ ಎಲ್ಲೈತಪ್ಪ?" ಎಂದು ಕೇಳಿದಳು. "ಬ್ರೇಕ್ ಇಲ್ಲಜ್ಜಿ, ಗಾಳಿಗೆ ಕೈ ಮುಗೀರಿ" ಅಂದ ಗೊಲ್ಲಪ್ಪ. ಅಜ್ಜಿ ಹಗ್ಗ ಬಿಟ್ಟು ನಿಜವಾಗಿಯೂ ಕೈ ಮುಗಿದಳು.

ವಾಪಸು ಬರುವಾಗ ಅದೇ ಅಜ್ಜಿ ನನ್ನನ್ನು ಕೇಳಿದಳು. "ಹಿಂದೆ ದಂಡೇಲಿ ನಿಂತು ನೋಡ್ದಾಗ ಒಬ್ಳು ಹುಡುಗಿ ಹಾಯಿ ಏರಿಸ್ತಿದ್ಲಲ್ಲ, ಎಲ್ಲಮ್ಮ?"

"ತೌರಿಗೆ ಹೋಗ್ಯಾಳೆ."

"ಯಾವಾಗ ಬರ್ತಾಳೆ?"

ನಾನು ಚೊಂಬು ತೆಗೆದುಕೊಂಡು, ಇಲ್ಲದ ನೀರನ್ನು ದೋಣಿಯಿಂದ ತೋಡತೊಡಗಿದೆ.

ಮರಳು ತುಂಬಿದ ಬಾಂಡ್ಲಿಯಲ್ಲೇ ಈಗಲೂ ಒಲೆ ಹೂಡುತ್ತೇನೆ. ಒಬ್ಬಳಿಗೆ ಮುದ್ದೆ ತಿರುವುವುದು ದೊಡ್ಡ ಬೇಸರ ಕಣೇ. ನೀನು ಮೊದಲ ಸಲ ದೋಣಿಯಲ್ಲಿ ಮುದ್ದೆ ಕಟ್ಟಿದಾಗ ಅದು ಉರುಳಿ ನೀರಿಗೆ ಬಿದ್ದಿತ್ತು. "ಮೀನಿಗೂ ಮದುವೆ ಊಟ ಹಾಕಿದ್ಲು ನೋಡವ್ವ" ಎಂದು ದುರುಗೇಶ ಹೊಟ್ಟೆ ಹಿಡಿದು ನಕ್ಕಿದ್ದ. ನೀರು ನನ್ನ ಮಗನನ್ನು ನುಂಗುತ್ತದೆ ಎಂದು ಊರಿನವರೆಲ್ಲ ನನ್ನನ್ನು ಹೆದರಿಸಿದ್ದರು. ನೀರು ಅವನ ಕೂದಲನ್ನೂ ಕೊಂಕಿಸಲಿಲ್ಲ. ಹಾಯಿಗೆ ಹಗ್ಗ ತರುತ್ತೇನೆಂದು ಹಿರಿಯೂರಿಗೆ ಬೈಕಿನಲ್ಲಿ ಹೋದವನನ್ನು ರಸ್ತೆ ನುಂಗಿತು. ಆಮೇಲೆ ಎರಡು ವರ್ಷ ನೀನು ನನ್ನನ್ನು ಬಿಟ್ಟು ಕದಲಲಿಲ್ಲ. ಈ ಯುಗಾದಿಗೆ ನಾನೇ ಬಲವಂತ ಮಾಡಿ ಬಸ್ಸು ಹತ್ತಿಸಿದೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಹೋದ ವಾರ ನಾನು ಹೊಳಲ್ಕೆರೆಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ಅಡಿಕೆ ಮಂಡಿಯಲ್ಲಿ ಪ್ರಭುಲಿಂಗ ಯಾರೆಂದು ವಿಚಾರಿಸಿಕೊಂಡು ಹೋದೆ. ಅವನು ಲಾರಿಯವನ ಜೊತೆ ಗಂಟಲು ಹರಿದುಕೊಂಡು ಜಗಳ ಆಡುತ್ತಿದ್ದ. ಸರಿ, ಇಂಥ ಬಾಯಿಬಡುಕನಿಗೆ ಕೊಡುವುದು ಬೇಡ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಮನಸ್ಸಿಗೆ ಒಂದು ಗಳಿಗೆ ಹಬ್ಬವಾಯಿತು. ಅಷ್ಟರಲ್ಲಿ ಅವನು ನನ್ನನ್ನು ನೋಡಿ, "ಬಿಸಿಲಾಗೆ ಯಾಕೆ ನಿಂತೀರಮ್ಮ, ಬರ್ರಿ, ಕುಂತ್ಕಳ್ರಿ. ಯಾರು ಬೇಕಿತ್ತು?" ಅಂದ.

"ನಾನು ದುರುಗೇಶನ ತಾಯಿ" ಅಂದೆ.

ಜಗಳ ಅಲ್ಲಿಗೇ ನಿಂತಿತು. ಒಳಗೆ ಹೋಗಿ ಕುರ್ಚಿ ತಂದ. ಟವೆಲಿನಿಂದ ಅದರ ಧೂಳು ಒರೆಸುತ್ತ ಹೇಳಿದ: "ಕಾವ್ಯಶ್ರೀಯವರು ನಂಜೊತೆ ಮಾತಾಡಿದ್ದು ಎರಡೇ ಸಲ. ಎರಡು ಸಲಾನೂ ದೋಣಿ ವಿಷ್ಯಾನೇ. ನಂಗೆ ಈಜೋಕೆ ಬರಲ್ಲಮ್ಮ. ಕಲೀಬೇಕೇನೋ?"

"ಕಲಿಯಪ್ಪ" ಅಂದೆ. ಅಲ್ಲಿಂದ ಎದ್ದು ನಿಮ್ಮ ಬೀದಿಯ ತಿರುವಿನ ತನಕ ನಡೆದೆ. ಅಂಗಳದಲ್ಲಿ ನಿನ್ನ ಸೀರೆ ಒಣಗುತ್ತಿತ್ತು. ನೋಡಿ ಹಿಂದಿರುಗಿದೆ.

ಒಪ್ಪಿಕೋ ಮಗಳೇ. ನಾನು ಬಾ ಅನ್ನುವುದಿಲ್ಲ. ಬಾ ಅಂದರೆ ನೀನು ಬಂದೇಬಿಡುತ್ತೀಯ, ಬಂದು ಈ ಹಲಗೆಯ ಮೇಲೆ ನನ್ನ ಹಾಗೆ ಮುದುಕಿಯಾಗುತ್ತೀಯ.

ನಮ್ಮ ಪದ್ಧತಿ ನಿನಗೆ ಗೊತ್ತು. ಎರಡನೆಯ ಮದುವೆಗೆ ಸೀರೆ ಉಡಿಸುವ ದಿನ ಮೊದಲ ಮನೆಯವರು ಎದುರಿಗೆ ಬರಬಾರದು. ಅದಕ್ಕೇ ಕರೆಯಬೇಡ, ಕರೆದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಆ ಮನೆಯ ಅತ್ತೆಯನ್ನು ಬಾಯಿತುಂಬ ಅತ್ತೆ ಅನ್ನು. ಮುಂದಿನ ಕಾರ್ತಿಕದಲ್ಲಿ ಇಬ್ಬರೂ ಬುತ್ತಿ ಕಟ್ಟಿಕೊಂಡು ಬನ್ನಿ. ಈಜು ಕಲಿತಿದ್ದಾನೋ ಇಲ್ಲವೋ ನಾನೇ ನೋಡುತ್ತೇನೆ.

ನಿನ್ನ ಒಲೆ ಆರದಿರಲಿ, ಮಡಿಲು ತುಂಬಲಿ, ರಸ್ತೆಗೆ ಹೋದವರು ಮನೆಗೆ ಬರಲಿ.

ನಿನ್ನ
ಗಂಗಕ್ಕ

ಮರೆತಿದ್ದೆ: ಮರಿ ಸತ್ತ ಕುರಿಗೆ ತಬ್ಬಲಿ ಮರಿಯನ್ನು ಕೂಡಿಸುವಾಗ ತಿಪ್ಪಯ್ಯ ಏನು ಮಾಡುತ್ತಾನೆಂದು ನೀನು ನೋಡಿದ್ದೀಯಲ್ಲ? ಸತ್ತ ಮರಿಯ ತೊಗಲನ್ನು ಇದರ ಮೈಗೆ ಹೊದಿಸಿ ಬಿಡುತ್ತಾನೆ. ತಾಯಿ ಮೂಸಿ ನೋಡಿ, ನನ್ನದೇ ಎಂದು ಹಾಲು ಬಿಡುತ್ತದೆ. ದುರುಗೇಶ ತೀರಿಕೊಂಡ ವರ್ಷ ರಾಳ ಬಳಿಯಲು ಅವನ ಅಂಗಿಯನ್ನು ನಿನಗೆ ತೊಡಿಸಿದೆನಲ್ಲ, ಸೀರೆ ಕೆಡುತ್ತದೆ ಎಂದು ಹೇಳಿದ್ದೆ. ನೀನು ಆ ಅಂಗಿಯಲ್ಲಿ ಬೆನ್ನು ತಿರುಗಿಸಿ ಹಾಯಿ ಏರಿಸಿದರೆ ನನಗೆ ಅವತ್ತು ಅನ್ನ ಇಳಿಯುತ್ತಿತ್ತು. ತಿಪ್ಪಯ್ಯ ಕೆಲವು ದಿನಕ್ಕೆ ತೊಗಲನ್ನು ಕಿತ್ತು ಎಸೆಯುತ್ತಾನೆ. ಅಷ್ಟರಲ್ಲಿ ಆ ತಾಯಿಗೆ ಹೊಸ ಮರಿಯ ವಾಸನೆಯೇ ತನ್ನದಾಗಿರುತ್ತದೆ. ಯುಗಾದಿಗೆ ಹೋಗುವಾಗ ನೀನು ಅಂಗಿಯನ್ನು ಮಡಿಸಿಟ್ಟು ಹೋದೆ. ಮೊನ್ನೆ ಅದನ್ನು ಮುಖಕ್ಕೆ ಒತ್ತಿಕೊಂಡು ನಿನ್ನ ವಾಸನೆ ಹುಡುಕಿದೆ. ಸೋಪು ಹಾಕಿ ತೊಳೆದುಬಿಟ್ಟಿದ್ದೀಯ.